ಆಲಮಟ್ಟಿ ಎತ್ತರ, ಕಬ್ಬಿನ ದರ: ಯಾವುದು ಬೆಂಗಳೂರಿನ ಕೈಯಲ್ಲಿ, ಯಾವುದು ದಿಲ್ಲಿಯ ಕೈಯಲ್ಲಿ?

ಪ್ರಶ್ನೆ: ಅಕ್ಕಾರ, ನಮಸ್ಕಾರ್ರೀ. ನಮ್ದು ಬೀಳಗಿ ತಾಲೂಕು, ಕೃಷ್ಣಾ ದಂಡಿ ಮ್ಯಾಲಿನ ಊರು. ಐದ ಎಕರೆ ಐತಿ, ಪೂರಾ ಕಬ್ಬು. ಆಲಮಟ್ಟಿ 524 ಆದ್ರ ಅದರಾಗ ಮೂರೂವರಿ ಎಕರೆ ಮುಳಗತೈತಿ ಅಂತ ಕಲ್ಲು ಹಾಕಿ ಹೋಗ್ಯಾರ, ಭೂಸ್ವಾಧೀನದ 11ನೇ ಕಲಂ ನೋಟಿಸೂ ಬಂದೈತಿ. ಬ್ಯಾಂಕಿನವರು ಸಾಲ ಕೊಡವಲ್ರು. ನೀರೂ ಬರವಲ್ದು, ರೊಕ್ಕಾನೂ ಬರವಲ್ದು. ಬೆಂಗಳೂರಿನವರನ್ನ ಕೇಳಿದ್ರ ದಿಲ್ಲಿ ಗೆಜೆಟ್ ಮಾಡವಲ್ದು ಅಂತಾರ, ದಿಲ್ಲಿಯವರನ್ನ ಕೇಳಿದ್ರ ನೀರು ರಾಜ್ಯದ ವಿಷಯ ಅಂತಾರ. ಕಬ್ಬಿನ ರೇಟಿಗೂ ಇದ ಹಾಡು. ಖರೇ ಅಧಿಕಾರ ಯಾರ ಕಡೆ ಐತ್ರೀ? ಕೇಂದ್ರ ದೊಡ್ಡದೋ, ರಾಜ್ಯ ದೊಡ್ಡದೋ?

ಉತ್ತರ: ನಿಮ್ಮ ಹೊಲದಲ್ಲಿ ನಿಲ್ಲಿಸಿ ಹೋದ ಆ ಕಲ್ಲಿನಿಂದಲೇ ಶುರು ಮಾಡುತ್ತೇನೆ. ನೀವು 524 ಅಂತ ಬರೆದಿದ್ದೀರಿ. ಪೂರ್ತಿ ಅಂಕಿ 524.256. ಸಮುದ್ರಮಟ್ಟದಿಂದ ಅಷ್ಟು ಮೀಟರ್ ಎತ್ತರದವರೆಗೆ ನೀರು ನಿಂತರೆ ನಿಮ್ಮ ಮೂರೂವರೆ ಎಕರೆ ಹಿನ್ನೀರಿಗೆ ಹೋಗುತ್ತದೆ. ಇವತ್ತು ಆಲಮಟ್ಟಿಯಲ್ಲಿ ನೀರು ನಿಲ್ಲುತ್ತಿರುವುದು 519.60 ಮೀಟರ್‌ವರೆಗೆ. ನಡುವಿನ ನಾಲ್ಕೂವರೆ ಮೀಟರ್ ಚಿಲ್ಲರೆಯಲ್ಲಿ ನಿಮ್ಮ ಹೊಲದ ಜೊತೆಗೆ 20 ಹಳ್ಳಿಗಳು, ಬಾಗಲಕೋಟೆ ಶಹರದ 11 ವಾರ್ಡುಗಳು, 75 ಸಾವಿರ ಎಕರೆಗೂ ಮಿಕ್ಕಿದ ಭೂಮಿ ಸಿಕ್ಕಿಕೊಂಡಿವೆ.

ನಾನು ಹಳೇ ಬಾಗಲಕೋಟೆಯವಳು. ನಾನು ಅಂಬೆಗಾಲಿಟ್ಟ ಪಡಸಾಲೆ ಈಗ ನೀರಿನಡಿ ಇದೆ. ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ನಮ್ಮ ಓಣಿಯ ಕಟ್ಟೆಕಲ್ಲುಗಳು ಕಾಣುತ್ತವೆ, ನೋಡಲು ಹೋಗುವ ಧೈರ್ಯ ನಮ್ಮವ್ವನಿಗೆ ಕೊನೆತನಕ ಆಗಲಿಲ್ಲ. ವಕೀಲಿಕೆಗೆ ಬಂದ ಮೇಲೆ ನಾನು ನಡೆಸಿದ ಕೇಸುಗಳಲ್ಲಿ ಮುಕ್ಕಾಲು ಪಾಲು ಮುಳುಗಡೆಯವೇ. ಆದ್ದರಿಂದ ನಿಮ್ಮ ಪ್ರಶ್ನೆಗೆ ಪುಸ್ತಕದ ಉತ್ತರ ಕೊಟ್ಟು ಕೈತೊಳೆದುಕೊಳ್ಳುವುದು ನನ್ನಿಂದ ಆಗದ ಮಾತು.

ಮೊದಲು ಒಂದು ಮಾತು. ‘ಯಾರು ದೊಡ್ಡವರು’ ಅಂತ ಕೇಳಿದರೆ ನಿಮಗೆ ಉಪಯೋಗವಾಗುವ ಉತ್ತರ ಸಿಗುವುದಿಲ್ಲ. ‘ನನ್ನ ಕಾಗದ ಈಗ ಯಾರ ಟೇಬಲ್ ಮೇಲಿದೆ, ಅದರ ಮೇಲೆ ಯಾರ ಸಹಿ ಬೀಳಬೇಕು’ ಅಂತ ಕೇಳಿ. ನೀರಾಗಲಿ ಕಬ್ಬಾಗಲಿ, ಒಂದೊಂದು ಹಂತದ ಅಧಿಕಾರ ಒಬ್ಬೊಬ್ಬರ ಕೈಯಲ್ಲಿದೆ. ಹಂತಗಳನ್ನು ಬಿಡಿಸಿ ನೋಡದೆ ಇದ್ದರೆ ಇಬ್ಬರೂ ಒಬ್ಬರ ಮೇಲೊಬ್ಬರು ಹಾಕಿ ಪಾರಾಗುತ್ತಾರೆ. ನಮ್ಮ ಜಿಲ್ಲೆಯಲ್ಲಿ ಆಗುತ್ತಿರುವುದೂ ಇದೇ.

ನೀರು ರಾಜ್ಯದ ವಿಷಯ ಅನ್ನುವುದು ಸುಳ್ಳಲ್ಲ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ: ಒಕ್ಕೂಟದ್ದು (ಅಂದರೆ ಕೇಂದ್ರದ್ದು), ರಾಜ್ಯದ್ದು, ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿ. ರಾಜ್ಯಪಟ್ಟಿಯ 17ನೇ ನಮೂದು ನೀರು, ಕಾಲುವೆ, ಅಣೆಕಟ್ಟು ಎಲ್ಲವನ್ನೂ ರಾಜ್ಯಕ್ಕೆ ಕೊಡುತ್ತದೆ. ಆದರೆ ಅದೇ ವಾಕ್ಯದಲ್ಲಿ ‘ಒಕ್ಕೂಟ ಪಟ್ಟಿಯ 56ನೇ ನಮೂದಿಗೆ ಒಳಪಟ್ಟು’ ಎಂಬ ಷರತ್ತಿದೆ. ಆ 56ನೇ ನಮೂದು ಅಂತರರಾಜ್ಯ ನದಿಗಳದ್ದು. ನಿಮ್ಮೂರ ಕೆರೆ, ನಿಮ್ಮೂರ ಹಳ್ಳ ಪೂರ್ತಿ ರಾಜ್ಯದ್ದು. ಕೃಷ್ಣೆ ಮಹಾಬಳೇಶ್ವರದಲ್ಲಿ ಹುಟ್ಟಿ, ನಮ್ಮಲ್ಲಿ ಹರಿದು, ತೆಲಂಗಾಣ, ಆಂಧ್ರ ದಾಟಿ ಸಮುದ್ರ ಸೇರುವವಳು. ಇಂಥ ನದಿಯ ಜಗಳ ಬಿಡಿಸಲು 262ನೇ ವಿಧಿ ಬೇರೆಯದೇ ದಾರಿ ಹಾಕಿಕೊಟ್ಟಿದೆ. ಅದರಡಿ ಬಂದದ್ದು 1956ರ ಅಂತರರಾಜ್ಯ ನದಿ ನೀರು ವಿವಾದಗಳ ಕಾಯ್ದೆ. ರಾಜ್ಯ ದೂರು ಕೊಡಬೇಕು, ಕೇಂದ್ರ ನ್ಯಾಯಾಧಿಕರಣ ರಚಿಸಬೇಕು, ನ್ಯಾಯಾಧಿಕರಣ ತೀರ್ಪು ಕೊಡಬೇಕು, ಕೇಂದ್ರ ಅದನ್ನು ಗೆಜೆಟ್‌ನಲ್ಲಿ ಪ್ರಕಟಿಸಬೇಕು. ಪ್ರಕಟವಾದ ದಿನದಿಂದ ಆ ತೀರ್ಪಿಗೆ ಸುಪ್ರೀಂ ಕೋರ್ಟಿನ ಆದೇಶದಷ್ಟೇ ಬಲ.

ಈಗ ಆಲಮಟ್ಟಿಯ ಕಾಗದ ನಡೆದ ದಾರಿ ನೋಡಿ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. 1969ರಲ್ಲಿ ಬಚಾವತ್ ನ್ಯಾಯಾಧಿಕರಣ ಬಂತು. 1973ರ ತೀರ್ಪು, 1976ರ ಸ್ಪಷ್ಟೀಕರಣದೊಂದಿಗೆ ಕರ್ನಾಟಕಕ್ಕೆ 700 ಟಿಎಂಸಿ ನೀರು ಸಿಕ್ಕಿತು (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಗೇಟಿನ ಎತ್ತರದ ಜಗಳ ಸುಪ್ರೀಂ ಕೋರ್ಟ್ ಮುಟ್ಟಿ, 2000ದ ಏಪ್ರಿಲ್ ತೀರ್ಪಿನ ಬಳಿಕ 519.60ಕ್ಕೆ ನಿಂತಿತು. 2004ರಲ್ಲಿ ಎರಡನೇ ನ್ಯಾಯಾಧಿಕರಣ, ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ಅವರದ್ದು, ರಚನೆಯಾಯಿತು. 2010ರ ಡಿಸೆಂಬರ್ 30ರಂದು 524.256 ಮೀಟರಿಗೆ ಅದು ಒಪ್ಪಿತು. ಆವತ್ತು ಬಾಗಲಕೋಟೆ ಕೋರ್ಟಿನ ಆವರಣದಲ್ಲಿ ಪೇಢೆ ಹಂಚಿದ್ದು ನನಗೆ ನೆನಪಿದೆ. 2013ರ ನವೆಂಬರ್ 29ರ ಮುಂದುವರಿದ ವರದಿಯಲ್ಲೂ ಎತ್ತರ ಬದಲಾಗಲಿಲ್ಲ. ಆಲಮಟ್ಟಿಯ ನೀರನ್ನು ಹೊಲಗಳಿಗೆ ಹರಿಸುವ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತಕ್ಕೆ 130 ಟಿಎಂಸಿ ನೀರು ಸಿಕ್ಕಿತು.

ಹಾಗಾದರೆ ಗೆಜೆಟ್ ಯಾಕೆ ಇಲ್ಲ? ಇಲ್ಲಿ ನಿಮಗೆ ಯಾರೂ ಪೂರ್ತಿ ಹೇಳದ ಸಂಗತಿ ಇದೆ. 2011ರ ಸೆಪ್ಟೆಂಬರ್‌ನಲ್ಲಿ, ಆಂಧ್ರಪ್ರದೇಶದ ಅರ್ಜಿಯ ಮೇಲೆ, ಮುಂದಿನ ಆದೇಶದವರೆಗೆ ಅಂತಿಮ ತೀರ್ಪನ್ನು ಪ್ರಕಟಿಸಬೇಡಿ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆ ತಡೆ ಇರುವ ತನಕ ದಿಲ್ಲಿಯಲ್ಲಿ ಯಾವ ಪಕ್ಷದ ಮಂತ್ರಿ ಕೂತಿದ್ದರೂ ಗೆಜೆಟ್ ಹೊರಡಿಸಲಾರ. ಅಂದರೆ ‘ಕೇಂದ್ರ ಮನಸ್ಸು ಮಾಡಿದರೆ ನಾಳೆಯೇ ಆಗುತ್ತದೆ’ ಅನ್ನುವ ವೇದಿಕೆ ಭಾಷಣ ಅರ್ಧ ಸತ್ಯ. ಕಾಗದ ಈಗ ಇರುವುದು ಕೋರ್ಟಿನ ಟೇಬಲ್ ಮೇಲೆ.

‘ನದಿ ಜಗಳದಲ್ಲಿ ಕೋರ್ಟು ತಲೆ ಹಾಕಬಾರದು ಅಂತ 262ನೇ ವಿಧಿಯಲ್ಲೇ ಇದೆಯಲ್ಲ’ ಎಂದು ನಿಮ್ಮ ಊರಿನ ಕಾನೂನು ಓದಿದ ಹುಡುಗರು ಕೇಳಬಹುದು. ಸರಿಯಾದ ಪ್ರಶ್ನೆ. ನೀರು ಹಂಚುವ ಮೂಲ ಜಗಳಕ್ಕೆ ಆ ತಡೆ ಇದೆ. ಆದರೆ ನ್ಯಾಯಾಧಿಕರಣದ ತೀರ್ಪಿನ ಮೇಲೆ 136ನೇ ವಿಧಿಯಡಿ ವಿಶೇಷ ಮೇಲ್ಮನವಿ ಕೇಳುವ ಅಧಿಕಾರ ತನಗಿದೆ ಎಂದು ಕಾವೇರಿ ಪ್ರಕರಣದಲ್ಲಿ, 2016ರ ಡಿಸೆಂಬರ್‌ನಲ್ಲಿ, ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಅದರಿಂದಲೇ 2018ರ ಫೆಬ್ರವರಿಯಲ್ಲಿ ಕಾವೇರಿಯಲ್ಲಿ ನಮಗೆ 14.75 ಟಿಎಂಸಿ ಹೆಚ್ಚು ನೀರು ಬಂತು. ಅಲ್ಲಿ ನಮಗೆ ಅನುಕೂಲವಾದ ಬಾಗಿಲೇ ಇಲ್ಲಿ ಎದುರಾಳಿಗಳಿಗೂ ತೆರೆದಿದೆ.

ಈ ನಡುವೆ ಇನ್ನೊಂದು ದೊಡ್ಡ ಘಟನೆ ನಡೆಯಿತು. 2014ರಲ್ಲಿ ಸಂಸತ್ತು ಆಂಧ್ರವನ್ನು ಒಡೆದು ತೆಲಂಗಾಣ ಮಾಡಿತು. ಸಂವಿಧಾನದ 3ನೇ ವಿಧಿಯಂತೆ ರಾಜ್ಯದ ಗಡಿ ಬದಲಿಸುವುದು ಸಂಸತ್ತಿನ ಕೆಲಸ. ವಿಧಾನಸಭೆಯ ಅಭಿಪ್ರಾಯ ಕೇಳಬೇಕು, ಒಪ್ಪಿಗೆ ಬೇಕಿಲ್ಲ. ಆಂಧ್ರ ವಿಧಾನಸಭೆ ಮಸೂದೆಯನ್ನು ತಿರಸ್ಕರಿಸಿದರೂ ಕಾನೂನು ಆಯಿತು. ಮೂವರ ಜಗಳ ನಾಲ್ವರದ್ದಾಯಿತು. ಹೊಸ ರಾಜ್ಯ ಬಂದು ‘ನನ್ನ ಪಾಲೆಷ್ಟು’ ಅಂತ ಕೇಳಿತು, ಅದೇ ನ್ಯಾಯಾಧಿಕರಣದ ಅವಧಿ ಮುಂದುವರಿಯಿತು, 2023ರಲ್ಲಿ ಕೇಂದ್ರ ಅದಕ್ಕೆ ತೆಲಂಗಾಣ–ಆಂಧ್ರ ಹಂಚಿಕೆಯ ಹೊಸ ವಿಷಯಗಳನ್ನೂ ಒಪ್ಪಿಸಿತು. ಹೈದರಾಬಾದಿನಲ್ಲಿ ನಡೆದ ಚಳವಳಿಗೂ ಬೀಳಗಿಯ ನಿಮ್ಮ ಕಲ್ಲಿಗೂ ಇಷ್ಟು ಹತ್ತಿರದ ಸಂಬಂಧ ಇದೆ ಎಂದು ಆವತ್ತು ನಮ್ಮಲ್ಲಿ ಎಷ್ಟು ಜನ ಯೋಚಿಸಿದ್ದೆವು? ಅತ್ತ ಸುಪ್ರೀಂ ಕೋರ್ಟಿನಲ್ಲಿ, 2022ರ ಜನವರಿಯಲ್ಲಿ ನಮ್ಮ ಕೇಸು ಕೂಗಿದಾಗ ಪೀಠದಲ್ಲಿದ್ದ ಇಬ್ಬರು ನ್ಯಾಯಮೂರ್ತಿಗಳು, ಒಬ್ಬರು ಮಹಾರಾಷ್ಟ್ರದವರು, ಇನ್ನೊಬ್ಬರು ಕರ್ನಾಟಕದವರು, ತಾವೇ ಹಿಂದೆ ಸರಿದರು. ತತ್ವದ ದೃಷ್ಟಿಯಿಂದ ಅದು ಸರಿ, ಆದರೆ ನಮ್ಮ ಲೆಕ್ಕದಲ್ಲಿ ಇನ್ನಷ್ಟು ತಡ.

ಗೆಜೆಟ್ ಆದರೆ ಎಲ್ಲ ಮುಗಿಯಿತೇ? ಇಲ್ಲ. ಅದಕ್ಕೆ ಬೆಳಗಾವಿ ಜಿಲ್ಲೆಯ ಮಹದಾಯಿಯೇ ಸಾಕ್ಷಿ. 2018ರ ಆಗಸ್ಟ್ 14ರಂದು ನ್ಯಾಯಾಧಿಕರಣ ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು, ಅದರಲ್ಲಿ 3.90 ಟಿಎಂಸಿ ಕಳಸಾ, ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಒಂದೇ ವಾರದಲ್ಲಿ ಗೆಜೆಟ್ ಬಂತು. ಕೋರ್ಟಿನ ತಡೆ ಹೋದರೆ ಕೇಂದ್ರದ ಕೆಲಸ ಎಷ್ಟು ಬೇಗ ಆಗುತ್ತದೆ ನೋಡಿ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಜಲ ಆಯೋಗ ಯೋಜನಾ ವರದಿಗೂ ಒಪ್ಪಿತು. ಆದರೂ ಖಾನಾಪುರ ತಾಲೂಕಿನ ಕಣಕುಂಬಿಯಿಂದ ಮಲಪ್ರಭೆಗೆ ನೀರು ತಿರುಗಲಿಲ್ಲ. ಈ ಸಲ ತಡೆದದ್ದು ಕಾಡು. 1976ರ 42ನೇ ತಿದ್ದುಪಡಿಗೆ ಮುಂಚೆ ಅರಣ್ಯ, ವನ್ಯಜೀವಿ ಎರಡೂ ರಾಜ್ಯದ ವಿಷಯಗಳಾಗಿದ್ದವು. ಆ ತಿದ್ದುಪಡಿ ಅವನ್ನು, ಶಿಕ್ಷಣವನ್ನೂ ಸೇರಿಸಿ, ಸಮವರ್ತಿ ಪಟ್ಟಿಗೆ ಒಯ್ದಿತು. ಅಲ್ಲಿಂದ ಅರಣ್ಯಭೂಮಿ ಬಳಸಲು ದಿಲ್ಲಿಯ ಒಪ್ಪಿಗೆ, ಅಭಯಾರಣ್ಯದ ಪ್ರದೇಶವಾದರೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಒಪ್ಪಿಗೆ ಬೇಕಾಯಿತು. ನೀರಿನ ಕಾನೂನಿನಲ್ಲಿ ಗೆದ್ದವರು ಕಾಡಿನ ಕಾನೂನಿನಲ್ಲಿ ಕಾಯುತ್ತಿದ್ದಾರೆ. ಖಾನಾಪುರದ ಕಾಡು ಉಳಿಯಬೇಕು ಅನ್ನುವವರ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಮಲಪ್ರಭೆ ಹುಟ್ಟುವುದೂ ಆ ಕಾಡಿನಲ್ಲೇ. ಆದರೆ ಹೌದೋ ಅಲ್ಲವೋ ಎಂದು ಹೇಳದೆ ವರ್ಷಗಟ್ಟಲೆ ಕಡತ ಮುಂದೂಡುವುದು ಅಧಿಕಾರ ಚಲಾಯಿಸುವ ರೀತಿಯಲ್ಲ.

ಇನ್ನು ಮಹಾರಾಷ್ಟ್ರ. ಆಲಮಟ್ಟಿ ಏರಿಸಿದರೆ ಸಾಂಗ್ಲಿ, ಕೊಲ್ಹಾಪುರ ಮುಳುಗುತ್ತವೆ ಎನ್ನುವುದು ಅವರ ತಕರಾರು. 2019ರ ಆಗಸ್ಟ್‌ನಲ್ಲಿ ಅವರೂ ಮುಳುಗಿದರು, ನಾವೂ ಮುಳುಗಿದೆವು. ಹಿನ್ನೀರಿನ ಆ ವಾದವನ್ನೂ ಕೇಳಿಯೇ ನ್ಯಾಯಾಧಿಕರಣ ಎತ್ತರಕ್ಕೆ ಒಪ್ಪಿದ್ದು. ಆದರೂ ಪ್ರವಾಹದ ಕಾಲದಲ್ಲಿ ಕೊಯ್ನಾದಿಂದ ಎಷ್ಟು ಬಿಟ್ಟರು, ಆಲಮಟ್ಟಿಯಲ್ಲಿ ಎಷ್ಟು ಹಿಡಿದರು ಎಂಬುದನ್ನು ಒಂದೇ ಕಡೆ ಕೂತು ನೋಡುವ ಕಾಯಂ ವ್ಯವಸ್ಥೆ ಇರಬೇಕಿತ್ತು. 1956ರಲ್ಲೇ ನದಿ ಮಂಡಳಿಗಳ ಕಾಯ್ದೆ ಅಂತ ಮಾಡಿದರು. ಅದನ್ನು ಬಳಸಿ ನದಿಗಳಿಗೆ ಮಂಡಳಿ ಕಟ್ಟುವ ಕೆಲಸ ಆಗಲೇ ಇಲ್ಲ. 263ನೇ ವಿಧಿಯ ಅಂತರರಾಜ್ಯ ಪರಿಷತ್ತು, ಕೇಂದ್ರ–ರಾಜ್ಯ ಸಂಬಂಧ ಪರಿಶೀಲಿಸಿದ ಸರ್ಕಾರಿಯಾ ಆಯೋಗ ಒತ್ತಾಯಿಸಿದ ಮೇಲೆ, 1990ರಲ್ಲಿ ಹುಟ್ಟಿತು. ಅದರ ಸಭೆಗಳನ್ನು ಬೆರಳಲ್ಲಿ ಎಣಿಸಬಹುದು. ಕೇಂದ್ರದ ಮೇಲೆ ನನ್ನ ನಿಜವಾದ ದೂರು ಇದೇ. ಗೆಜೆಟ್ ಮಾಡಲಿಲ್ಲ ಅಂತಲ್ಲ, ನಾಲ್ಕು ರಾಜ್ಯಗಳನ್ನು ಒಂದು ಚಾಪೆಯ ಮೇಲೆ ಕೂರಿಸುವ ಅಧಿಕಾರ ಅದೊಂದಕ್ಕೇ ಇದೆ, ಆ ಕೆಲಸ ಮಾಡಲಿಲ್ಲ ಅಂತ.

ರಾಜ್ಯದ ಮೇಲಿನ ದೂರು ಬೇರೆ, ಮತ್ತು ಅದು ನಿಮಗೆ ಇನ್ನೂ ಹತ್ತಿರದ್ದು. ನಿಮ್ಮ ಭೂಮಿಯ ಪರಿಹಾರಕ್ಕೆ ಗೆಜೆಟ್ ಬೇಕಿಲ್ಲ. ಗೇಟ್ ಏರಿಸಿ ನೀರು ನಿಲ್ಲಿಸುವುದಕ್ಕೆ ತಡೆ ಇದೆಯೇ ಹೊರತು, ಮುಳುಗುವವರ ಭೂಮಿಗೆ ಹಣ ಕೊಟ್ಟು ಅವರನ್ನು ಮೊದಲೇ ನೆಲೆ ನಿಲ್ಲಿಸುವುದಕ್ಕೆ ತಡೆ ಇಲ್ಲ. ಭೂಸ್ವಾಧೀನ ಸಮವರ್ತಿ ಪಟ್ಟಿಯ ವಿಷಯ. 2013ರ ಭೂಸ್ವಾಧೀನ ಕಾಯ್ದೆ ಸಂಸತ್ತಿನದ್ದು. ಆದರೆ ಅಧಿಸೂಚನೆ, ಅಳತೆ, ದರ, ಹಣ, ಪುನರ್ವಸತಿ ಎಲ್ಲವೂ ರಾಜ್ಯದ ಕೈಯಲ್ಲಿವೆ. ಹಳ್ಳಿಯ ಭೂಮಿಗೆ ಮಾರುಕಟ್ಟೆ ಬೆಲೆಯನ್ನು ಒಂದರಿಂದ ಎರಡು ಪಟ್ಟಿನವರೆಗೆ ಗುಣಿಸಬಹುದು ಎಂದು ಕಾಯ್ದೆ ಹೇಳುತ್ತದೆ, ಎಷ್ಟು ಪಟ್ಟು ಎನ್ನುವುದನ್ನು ರಾಜ್ಯ ತೀರ್ಮಾನಿಸುತ್ತದೆ. ಅದರ ಮೇಲೆ ನೂರಕ್ಕೆ ನೂರು ಸಾಂತ್ವನ ಮೊತ್ತ, ಅಂದರೆ ಇನ್ನೂ ಅಷ್ಟೇ ಹಣ. 2010ರಲ್ಲಿ ತೀರ್ಪು ಬಂದು, ಮುಳುಗುವ ಭೂಮಿಗೆ ಎಕರೆಗೆ ನೀರಾವರಿಗಾದರೆ 40 ಲಕ್ಷ, ಒಣಬೇಸಾಯಕ್ಕಾದರೆ 30 ಲಕ್ಷ ರೂಪಾಯಿ ಎಂದು ಸಚಿವ ಸಂಪುಟ ತೀರ್ಮಾನಿಸಿದ್ದು 2025ರ ಸೆಪ್ಟೆಂಬರ್‌ನಲ್ಲಿ. ನಡುವಿನ ಸುಮಾರು 15 ವರ್ಷಗಳಲ್ಲಿ ಎಲ್ಲ ಪಕ್ಷಗಳ ಸರ್ಕಾರಗಳೂ ಬಂದು ಹೋದವು. ದಿಲ್ಲಿಯ ಕಡೆ ತೋರಿಸಿದ ಬೆರಳು ಯಾರದ್ದೂ ಇಳಿಯಲಿಲ್ಲ.

ಹಣ ಕಡಿಮೆ ಕೊಟ್ಟು ಕೋರ್ಟಿಗೆ ಅಟ್ಟುವ ಹಳೆಯ ಪದ್ಧತಿಯಿಂದ ಆದ ನಷ್ಟವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಳೆಯ ಭೂಸ್ವಾಧೀನ ಕಾಯ್ದೆಯ 18ನೇ ಕಲಮಿನಡಿ ರಿಫರೆನ್ಸ್, ಅಂದರೆ ಪರಿಹಾರ ಹೆಚ್ಚಿಸಿ ಎಂದು ಕೋರ್ಟಿಗೆ ಅರ್ಜಿ, ಹಾಕುವುದು, ಹತ್ತು ವರ್ಷ ನಡೆಸುವುದು, ಕೋರ್ಟು ಪರಿಹಾರ ಹೆಚ್ಚಿಸುವುದು, ಇಲಾಖೆ ಮೇಲ್ಮನವಿ ಹೋಗುವುದು, ಬಡ್ಡಿ ಬೆಳೆಯುವುದು. ಒಂದು ಕೇಸಿನಲ್ಲಿ ಹಣ ಬಂದ ದಿನ ಸಹಿ ಹಾಕಲು ಬಂದದ್ದು ಅರ್ಜಿದಾರರ ಮೊಮ್ಮಗಳು. ಅಜ್ಜ ತೀರಿದ್ದರು, ಅಪ್ಪನೂ ತೀರಿದ್ದರು. ಆಕೆ ಆ ಹೊಲವನ್ನು ಕಂಡೇ ಇರಲಿಲ್ಲ. ವಕಾಲತ್ತಿನ ಮೇಲೆ ಅಜ್ಜ ಒತ್ತಿದ್ದ ಹೆಬ್ಬೆಟ್ಟಿನ ಗುರುತಿನ ಮೇಲೆ ಬೆರಳಾಡಿಸಿ ‘ಇದು ನಮ್ಮಜ್ಜಂದೇನ್ರೀ’ ಅಂತ ಕೇಳಿದಳು. ಆ ಕಾಗದ ಹಿಡಿದುಕೊಂಡು ನನಗೆ ಮಾತು ಹೊರಡಲಿಲ್ಲ.

ಇನ್ನು ಕಬ್ಬು. ಕಬ್ಬು ಬೆಳೆಯುವುದು ಕೃಷಿ, ರಾಜ್ಯದ ವಿಷಯ. ಕಬ್ಬು ಕಾರ್ಖಾನೆಯ ಗೇಟು ದಾಟಿದರೆ ಸಕ್ಕರೆ ಉದ್ಯಮ, ಅದು ಒಕ್ಕೂಟದ ಹಿಡಿತದಲ್ಲಿ. ನಡುವಿನ ವ್ಯಾಪಾರ ಸಮವರ್ತಿ ಪಟ್ಟಿಯಲ್ಲಿ. ಅಗತ್ಯ ವಸ್ತುಗಳ ಕಾಯ್ದೆಯಡಿಯ 1966ರ ಕಬ್ಬು ನಿಯಂತ್ರಣ ಆದೇಶದಂತೆ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕೊಡಲೇಬೇಕಾದ ‘ನ್ಯಾಯಯುತ ಮತ್ತು ಲಾಭದಾಯಕ ದರ’, ನಿಗದಿ ಮಾಡುವುದು ಕೇಂದ್ರ. 2025–26ರ ಹಂಗಾಮಿಗೆ ಅದು ಕ್ವಿಂಟಲಿಗೆ 355 ರೂಪಾಯಿ, ರಿಕವರಿ (ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ) ಶೇ 10.25 ಇದ್ದರೆ. ಅದರ ಮೇಲೆ ಪ್ರತಿ 0.1ಕ್ಕೆ 3 ರೂಪಾಯಿ 46 ಪೈಸೆ. ನಿಮ್ಮ ಕಾರ್ಖಾನೆಯ ರಿಕವರಿ 11.25 ಎಂದು ಹಿಡಿಯಿರಿ: ಹತ್ತು ಮೆಟ್ಟಿಲು, 34 ರೂಪಾಯಿ 60 ಪೈಸೆ ಸೇರಿ ಕ್ವಿಂಟಲಿಗೆ 389.60, ಟನ್ನಿಗೆ 3,896. ಕೇಳಲು ಚೆನ್ನಾಗಿದೆ. ಆದರೆ ಇದು ಕಾರ್ಖಾನೆ ಗೇಟಿಗೆ ಮುಟ್ಟಿಸಿದ ಕಬ್ಬಿನ ದರ. ಕಡಿಯುವ ಗ್ಯಾಂಗು, ಟ್ರ್ಯಾಕ್ಟರ್ ಬಾಡಿಗೆ ನಿಮ್ಮ ಲೆಕ್ಕದಲ್ಲೇ ಕಳೆಯುತ್ತಾರೆ. ಉದಾಹರಣೆಗೆ ಅದು 850 ಆದರೆ ಕೈಗೆ ಬರುವುದು 3,046. ದಿಲ್ಲಿಯ ಅಂಕಿಗೂ ನಿಮ್ಮ ಪಾಸ್‌ಬುಕ್ಕಿನ ಅಂಕಿಗೂ ಇರುವ ಅಂತರ ಇಲ್ಲಿ ಹುಟ್ಟುತ್ತದೆ.

2025ರ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಕಡಿಯುವ, ಸಾಗಿಸುವ ಖರ್ಚು ಕಳೆದು ಟನ್ನಿಗೆ 3,500 ಕೇಳಿ ರಸ್ತೆಯ ಮೇಲೆ ಕೂತಾಗ ರಾಜ್ಯ ಹೇಳಿದ್ದು, ದರ ಕೇಂದ್ರದ್ದು ಅಂತ. ಕೊನೆಗೆ 3,300ಕ್ಕೆ ಮಾತು ಮುಗಿಯಿತು. ಅದರಲ್ಲಿ 50 ರೂಪಾಯಿ ರಾಜ್ಯದ ಬೊಕ್ಕಸದಿಂದ ಎಂದಾಯಿತು. ಅಂದರೆ ಮನಸ್ಸು ಮಾಡಿದರೆ ರಾಜ್ಯಕ್ಕೂ ದಾರಿ ಇತ್ತು. ಕಾನೂನಿನ ದಾರಿಯೂ ಇದೆ. ಉತ್ತರಪ್ರದೇಶ, ಪಂಜಾಬ್, ಹರಿಯಾಣ ಕೇಂದ್ರದ ದರಕ್ಕಿಂತ ಮೇಲೆ ತಮ್ಮದೇ ದರ ಘೋಷಿಸುತ್ತವೆ. ಹಾಗೆ ಮಾಡುವ ಅಧಿಕಾರ ರಾಜ್ಯಕ್ಕಿದೆ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2004ರಲ್ಲಿ ಹೇಳಿ, 2020ರಲ್ಲಿ ಮತ್ತೊಮ್ಮೆ ಖಚಿತಪಡಿಸಿತು. ಕೇಂದ್ರದ್ದು ಕನಿಷ್ಠ ದರ, ಅದಕ್ಕಿಂತ ಕೆಳಗೆ ಹೋಗಬಾರದು, ಮೇಲೆ ಹೋಗಬಹುದು. ನಮ್ಮಲ್ಲೂ ಕಬ್ಬು ಖರೀದಿ ಮತ್ತು ಸರಬರಾಜು ನಿಯಂತ್ರಣಕ್ಕೆ 2013ರ ಕಾಯ್ದೆ ಇದೆ. ಆದರೂ ಆ ದಾರಿ ಹಿಡಿಯಲಿಲ್ಲ. ನಮ್ಮ ಭಾಗದ ಕಾರ್ಖಾನೆಗಳ ಒಡೆತನದಲ್ಲಿ ಎಲ್ಲ ಪಕ್ಷಗಳ ಮುಖಂಡರೂ ಇದ್ದಾರೆ ಎನ್ನುವುದನ್ನು ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಕಾರ್ಖಾನೆಯವರ ಮಾತಿನಲ್ಲೂ ಒಂದು ಸತ್ಯವಿದೆ, ಅದನ್ನು ಮುಚ್ಚಿಡಬಾರದು. 2018–19ರಲ್ಲಿ ಎಫ್‌ಆರ್‌ಪಿ ಕ್ವಿಂಟಲಿಗೆ 275 ಇತ್ತು, 2025–26ಕ್ಕೆ 355 ಆಯಿತು. ಆದರೆ ಸಕ್ಕರೆಯ ಕನಿಷ್ಠ ಮಾರಾಟ ದರವನ್ನು ಕೇಂದ್ರ 2019ರ ಫೆಬ್ರವರಿಯಲ್ಲಿ ಕಿಲೋಗೆ 31 ರೂಪಾಯಿ ಮಾಡಿತು, ಆಮೇಲೆ ವರ್ಷಗಟ್ಟಲೆ ಅಲ್ಲೇ ಬಿಟ್ಟಿತು. ತಿಂಗಳಿಗೆ ಎಷ್ಟು ಸಕ್ಕರೆ ಮಾರಬೇಕು, ಎಷ್ಟು ರಫ್ತು ಮಾಡಬಹುದು, ಎಥನಾಲಿಗೆ ಎಷ್ಟು ದರ, ಎಲ್ಲದರ ತೀರ್ಮಾನ ದಿಲ್ಲಿಯಲ್ಲಿ. ದರ ಏರಿಸುವ ಜವಾಬ್ದಾರಿ ಬೆಂಗಳೂರಿನ ಮೇಲೆ ಬರುತ್ತದೆ, ಆ ದರ ಕೊಡುವ ಶಕ್ತಿ ಕಾರ್ಖಾನೆಗೆ ಬರಬೇಕಾದರೆ ದಿಲ್ಲಿಯ ಆದೇಶ ಬೇಕು. ಕೂಡಿ ಕೂತು ಒಂದೇ ಸಲ ತೀರ್ಮಾನಿಸಬೇಕಾದ ವಿಷಯ ಇದು.

ಆದರೆ ಎರಡು ಕೆಲಸಗಳಿಗೆ ರಾಜ್ಯ ಯಾರನ್ನೂ ಕೇಳಬೇಕಿಲ್ಲ. ಒಂದು, ಬಾಕಿ. ಕಬ್ಬು ಕೊಟ್ಟ 14 ದಿನಕ್ಕೆ ಹಣ ಬರಬೇಕು, ತಪ್ಪಿದರೆ ವರ್ಷಕ್ಕೆ ಶೇ 15 ಬಡ್ಡಿ. ಆದೇಶ ಕೇಂದ್ರದ್ದು, ಜಾರಿ ರಾಜ್ಯದ್ದು: ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡುವವರು ನಿಮ್ಮ ಡಿಸಿ ಸಾಹೇಬರು. ಆ ಬಡ್ಡಿಯನ್ನು ಪೂರ್ತಿ ಪಡೆದ ರೈತರನ್ನು ನನ್ನ ಕಕ್ಷಿದಾರರಲ್ಲಿ ನಾನು ಕಂಡಿಲ್ಲ. ಎರಡು, ಕಾಟಾ, ಅಂದರೆ ಕಾರ್ಖಾನೆಯ ತೂಕದ ಯಂತ್ರ. ತೂಕದಲ್ಲಿ ಟ್ರ್ಯಾಕ್ಟರಿಗೆ ಒಂದು ಟನ್ ಹೋದರೆ ಗುರ್ಲಾಪುರದಲ್ಲಿ ವಾರಗಟ್ಟಲೆ ಕೂತು ಗಳಿಸಿದ್ದು ಒಂದೇ ಖೇಪಿನಲ್ಲಿ ಹೋಯಿತು. ತೂಕ, ರಿಕವರಿ ಪರೀಕ್ಷೆ ಎರಡೂ ಕಾರ್ಖಾನೆಯ ಒಳಗೇ ನಡೆಯುತ್ತವೆ. ಅವನ್ನು ದಿಢೀರನೆ ತಪಾಸಣೆ ಮಾಡುವ ಅಧಿಕಾರಿಗಳು ರಾಜ್ಯದವರು. ಇದಕ್ಕೆ ಸಂವಿಧಾನ ತಿದ್ದುಪಡಿ ಬೇಕಿಲ್ಲ, ಜೀಪಿಗೆ ಡೀಸೆಲ್ಲು ಮತ್ತು ಒಬ್ಬ ಗಟ್ಟಿ ಅಧಿಕಾರಿ ಸಾಕು.

ಹಣದ ಮಾತು ಚುಟುಕಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪರಿಹಾರದ ಹಣ ಬರಬೇಕಾದದ್ದೂ ಆ ಬೊಕ್ಕಸದಿಂದಲೇ. ದೊಡ್ಡ ತೆರಿಗೆಗಳನ್ನು ಕೇಂದ್ರ ಸಂಗ್ರಹಿಸಿ ಹಣಕಾಸು ಆಯೋಗ ಹೇಳಿದಂತೆ ರಾಜ್ಯಗಳಿಗೆ ಹಂಚುತ್ತದೆ. 15ನೇ ಆಯೋಗ ರಾಜ್ಯಗಳಿಗೆ ಶೇ 41 ಅಂದಿತು. ಅದರೊಳಗೆ ಕರ್ನಾಟಕದ ಪಾಲು ಶೇ 4.713ರಿಂದ ಶೇ 3.647ಕ್ಕೆ ಇಳಿಯಿತು. ತೆರಿಗೆಯ ಮೇಲೆ ಕೇಂದ್ರ ಹೆಚ್ಚುವರಿಯಾಗಿ ಹಾಕುವ ಸೆಸ್ಸು, ಸರ್ಚಾರ್ಜುಗಳನ್ನು ಹಂಚುವ ಅಗತ್ಯವೇ ಇಲ್ಲ. 2023ರ ಬರಕ್ಕೆ ರಾಜ್ಯ 18,171 ಕೋಟಿ ಕೇಳಿತು. ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಮೇಲೆ, 2024ರ ಏಪ್ರಿಲ್‌ನಲ್ಲಿ, ಸುಮಾರು 3,454 ಕೋಟಿ ಬಂತು. ಬೆಳೆ ಒಣಗಿದವನ ಪರಿಹಾರಕ್ಕೆ ರಾಜ್ಯವೊಂದು ವಕೀಲರನ್ನು ಹಿಡಿದು ದಿಲ್ಲಿಯಲ್ಲಿ ನಿಲ್ಲಬೇಕಾದದ್ದು ನನಗೆ ತುಂಬ ನೋವಿನ ಸಂಗತಿ. ರೈಲಿನ ಲೆಕ್ಕ ಇದಕ್ಕೆ ತಿರುಗಾಮುರುಗಾ: ರೈಲ್ವೆ ಪೂರ್ತಿ ಒಕ್ಕೂಟದ ವಿಷಯ, ಆದರೆ 2010–11ರಲ್ಲಿ ಮಂಜೂರಾದ 142 ಕಿ.ಮೀ. ಬಾಗಲಕೋಟೆ–ಕುಡಚಿ ಮಾರ್ಗಕ್ಕೆ ಭೂಮಿ ರಾಜ್ಯದ್ದು, ಅರ್ಧ ವೆಚ್ಚವೂ ರಾಜ್ಯದ್ದು.

ಕೊನೆಗೆ ನೀವು ಕೇಳಿದ ನೇರ ಪ್ರಶ್ನೆ. ಸಂವಿಧಾನ ಒಕ್ಕೂಟದ ಕಡೆಗೆ ಹೆಚ್ಚು ತೂಕ ಇಟ್ಟಿರುವುದು ನಿಜ. ಸಮವರ್ತಿ ಪಟ್ಟಿಯಲ್ಲಿ ಎರಡು ಕಾನೂನು ಡಿಕ್ಕಿ ಹೊಡೆದರೆ ಸಾಮಾನ್ಯವಾಗಿ ಸಂಸತ್ತಿನದ್ದೇ ಉಳಿಯುತ್ತದೆ. ಬಿಜಾಪುರವನ್ನು ವಿಜಯಪುರ, ಬೆಳಗಾಂವನ್ನು ಬೆಳಗಾವಿ ಎಂದು ಬರೆಯಲಿಕ್ಕೂ ಕೇಂದ್ರ ಗೃಹ ಇಲಾಖೆ ಒಪ್ಪಬೇಕಾಯಿತು, 2014ರ ನವೆಂಬರ್ 1ರಂದು ಅದು ಜಾರಿಗೆ ಬಂತು. ಬೆಳಗಾವಿ ಯಾರದ್ದು ಎಂಬ ಜಗಳದಲ್ಲೂ ಗಡಿ ವಿವಾದದ ಮೇಲಿನ 1967ರ ಮಹಾಜನ ಆಯೋಗದ ವರದಿ ನಮ್ಮ ಕಡೆ ಇದ್ದರೂ ಗಡಿ ತಿದ್ದುವ ಅಧಿಕಾರ ಇರುವುದು ಸಂಸತ್ತಿಗೆ ಮಾತ್ರ. ಮಹಾರಾಷ್ಟ್ರ 2004ರಲ್ಲಿ ಹೂಡಿದ ದಾವೆಯಲ್ಲಿ ಕರ್ನಾಟಕ ಎತ್ತಿರುವ ಮುಖ್ಯ ತಕರಾರೂ ಅದೇ. ಅಂದರೆ ಒಕ್ಕೂಟದ ದೊಡ್ಡ ಅಧಿಕಾರವೇ ಇಲ್ಲಿ ನಮ್ಮ ರಕ್ಷಣೆ.

ಹಾಗಂತ ರಾಜ್ಯ ಕೇಂದ್ರದ ಕೈಕೆಳಗಿನ ಕಚೇರಿಯಲ್ಲ. ಅದನ್ನು ದೇಶಕ್ಕೆ ಗಟ್ಟಿಯಾಗಿ ಹೇಳಿಸಿದ್ದು ನಮ್ಮ ಉತ್ತರ ಕರ್ನಾಟಕದವರೇ. 1989ರ ಏಪ್ರಿಲ್‌ನಲ್ಲಿ, ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದರೂ ಕೇಳದೆ, ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು ವಜಾ ಮಾಡಿದರು. ಅವರು ಬಿಡದೆ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು: ಒಕ್ಕೂಟ ವ್ಯವಸ್ಥೆ ಸಂವಿಧಾನದ ಮೂಲ ಸ್ವರೂಪದ ಭಾಗ, ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕು, ರಾಜಭವನದಲ್ಲಲ್ಲ. ಅವರ ಕುರ್ಚಿ ಮರಳಿ ಬರಲಿಲ್ಲ. ಆದರೆ ಅಲ್ಲಿಂದೀಚೆಗೆ ಯಾವ ರಾಜ್ಯದಲ್ಲಿ ಬಹುಮತದ ಜಗಳ ಬಂದರೂ ಬೊಮ್ಮಾಯಿ ತೀರ್ಪನ್ನು ತೆಗೆದು ಓದದ ಕೋರ್ಟಿಲ್ಲ.

ಈಗ ನಿಮ್ಮ ಮೂರೂವರೆ ಎಕರೆಗೆ ಬರೋಣ. ನಿಮಗೆ ಬಂದಿರುವುದು 11ನೇ ಕಲಮಿನ ಪ್ರಾಥಮಿಕ ಅಧಿಸೂಚನೆ. ಅದಾದ ಮೇಲೆ ಅನುಮತಿ ಇಲ್ಲದೆ ಆ ಭೂಮಿಯನ್ನು ಮಾರುವಂತಿಲ್ಲ, ಹೊಸ ಭಾರ ಹೊರಿಸುವಂತಿಲ್ಲ; ಬ್ಯಾಂಕು ಹಿಂಜರಿಯುವುದು ಅದಕ್ಕೇ. ಆದರೆ ಉಳಿದ ಒಂದೂವರೆ ಎಕರೆಗೆ ಆ ಅಡ್ಡಿ ಇಲ್ಲ. ಪೋಡಿ ಮಾಡಿಸಿ, ಅಂದರೆ ಅಳತೆ ಮಾಡಿಸಿ ಭಾಗ ಬೇರೆ ಮಾಡಿಸಿ, ಉತಾರ (ಪಹಣಿ) ಬೇರೆ ತೆಗೆಸಿ, ಅದರ ಮೇಲೆ ಸಾಲ ಕೇಳಿ. ಅಧಿಸೂಚನೆ ಹೊರಟ ತಾರೀಖು ಬರೆದಿಟ್ಟುಕೊಳ್ಳಿ: ಸಾಮಾನ್ಯವಾಗಿ 12 ತಿಂಗಳೊಳಗೆ 19ನೇ ಕಲಮಿನ ಘೋಷಣೆ ಬರಬೇಕು, ಘೋಷಣೆಯಾಗಿ 12 ತಿಂಗಳೊಳಗೆ ಐತೀರ್ಪು, ಅಂದರೆ ಪರಿಹಾರ ಎಷ್ಟೆಂಬ ಆದೇಶ, ಬರಬೇಕು. ಅವಧಿ ವಿಸ್ತರಿಸುವ ಅವಕಾಶ ಸರ್ಕಾರಕ್ಕಿದೆ, ವಿಸ್ತರಿಸಿದ್ದರೆ ಆ ಆದೇಶದ ಪ್ರತಿ ಕೇಳಿ ಪಡೆಯಿರಿ. ಇದು ಪೂರ್ತಿ ರಾಜ್ಯದ ಟೇಬಲ್. ನವನಗರದಲ್ಲಿರುವ ಪುನರ್ವಸತಿ ಮತ್ತು ಭೂಸ್ವಾಧೀನ ಆಯುಕ್ತರ ಕಚೇರಿಗೆ ಬರೆಯಿರಿ, ದಿಲ್ಲಿಯ ಮಾತು ಅಲ್ಲಿ ಯಾರಾದರೂ ಎತ್ತಿದರೆ ಅದನ್ನು ಬರವಣಿಗೆಯಲ್ಲಿ ಕೊಡಿ ಅನ್ನಿ.

ಎಲ್ಲಕ್ಕಿಂತ ಮುಂಚೆ ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಉತಾರದಲ್ಲಿ ಬೆಳೆಯ ಕಾಲಂ ಮತ್ತು ನೀರಿನ ಮೂಲದ ಕಾಲಂ ನೋಡಿ. ಹೊಲದಲ್ಲಿ ಕಬ್ಬು ನಿಂತಿದ್ದರೂ ಹಳೆಯ ನಮೂದಿನಂತೆ ಜೋಳ, ‘ಖುಷ್ಕಿ’ ಅಂತಲೇ ಮುಂದುವರಿದ ಉತಾರಗಳನ್ನು ನಾನು ನೂರಾರು ನೋಡಿದ್ದೇನೆ. ನೀರಾವರಿಗೂ ಒಣಬೇಸಾಯಕ್ಕೂ ಎಕರೆಗೆ 10 ಲಕ್ಷದ ಫರಕಿದೆ. ನಿಮ್ಮ ಮೂರೂವರೆ ಎಕರೆಗೆ 35 ಲಕ್ಷ. ತಪ್ಪಿದ್ದರೆ ತಲಾಠಿಯವರ ಹತ್ತಿರ ಈಗಲೇ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದು, ಕಾರ್ಖಾನೆಯ ಕಬ್ಬಿನ ಬಿಲ್ಲು, ಪಂಪಿನ ಕರೆಂಟ್ ಬಿಲ್ಲು ಜೊತೆಗಿಡಿ. ಜಂಟಿ ಅಳತೆಗೆ ಬಂದ ದಿನ ಮನೆಯಲ್ಲಿ ಯಾರಾದರೂ ಹೊಲದಲ್ಲೇ ಇರಿ. ಬೋರು, ಪೈಪ್‌ಲೈನು, ಬದುವಿನ ಮೇಲಿನ ಬೇವು, ಮಾವು ಒಂದೊಂದನ್ನೂ ಎಣಿಸಿ ಬರೆಸಿ, ಓದಿ ನೋಡಿ ಆಮೇಲೆ ಸಹಿ ಮಾಡಿ.